ಅಮ್ಮನ ಮನೆಯ ಕ್ಯಾಮೆರಾ ತಾನೇ ತಿರುಗಿತು. ಮನೆಯಲ್ಲಿ ಕ್ಯಾಮೆರಾ ಹಾಕಿಸಿದವರು ಒಮ್ಮೆ ಓದಿ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾನು ಶಿವಮೊಗ್ಗದಲ್ಲಿ ಶಾಲೆ ಟೀಚರ್. ಅಮ್ಮ ತೀರ್ಥಹಳ್ಳಿ ಕಡೆ ನಮ್ಮ ತೋಟದ ಮನೆಯಲ್ಲಿ ಒಬ್ಬರೇ ಇದ್ದಾರೆ. ಅಪ್ಪ ಹೋಗಿ ಮೂರು ವರ್ಷವಾಯಿತು. ಪಕ್ಕದ ಮನೆ ಅಂದರೆ ಗದ್ದೆ ದಾಟಿ, ಹಳ್ಳ ದಾಟಿ ಹೋಗಬೇಕು. ಅದಕ್ಕೇ ಹೋದ ವರ್ಷ ಅಡಿಕೆ ಕೊನೆ ಕೊಯ್ಲಿಗೆ ಮುಂಚೆ ನಾನೂ ತಮ್ಮನೂ ಸೇರಿ ಕ್ಯಾಮೆರಾ ಹಾಕಿಸಿದೆವು. ಅಂಗಳಕ್ಕೆ ಎರಡು, ಕೊಟ್ಟಿಗೆ ಹತ್ತಿರ ಒಂದು, ಜಗುಲಿಯಲ್ಲಿ ಒಂದು. ಜಗುಲಿಯದ್ದು ಕುತ್ತಿಗೆ ತಿರುಗಿಸುವ ಥರದ್ದು. ಫೋನಿನಲ್ಲಿ ಬೆರಳು ಎಳೆದರೆ ಅತ್ತಿತ್ತ ನೋಡುತ್ತದೆ, ಅದರಲ್ಲೇ ಮಾತೂ ಆಡಬಹುದು.

ಹೋದ ಮಂಗಳವಾರ ಸಂಜೆ ಅಮ್ಮ ಜಗುಲಿಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು. ಸರ್ರ್ ಅಂತ ಸಣ್ಣ ಶಬ್ದ ಬಂತು. ತಲೆ ಎತ್ತಿ ನೋಡಿದರೆ ಕ್ಯಾಮೆರಾ ಹೊರಬಾಗಿಲ ಕಡೆಯಿಂದ ನಿಧಾನಕ್ಕೆ ತಿರುಗಿ ಅವರ ಮೇಲೆ ಬಂದು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ನಡುಮನೆ ಬಾಗಿಲ ಕಡೆ ತಿರುಗಿತು. ನಾನೇ ನೋಡುತ್ತಿದ್ದೇನೆ ಅಂದುಕೊಂಡು ಅಮ್ಮ ಅದರ ಕಡೆ ಮುಖ ಮಾಡಿ "ಊಟ ಆಯ್ತೇನೆ?" ಅಂತ ಕೇಳಿದ್ದಾರೆ. ಉತ್ತರ ಬರಲಿಲ್ಲ. ಇನ್ನೊಮ್ಮೆ ಕೇಳಿದ್ದಾರೆ. ಆಮೇಲೆ ನನಗೆ ಫೋನ್ ಮಾಡಿದರು.

ನಾನು ಆಗ ಪೇಪರ್ ತಿದ್ದುತ್ತಿದ್ದೆ, ಫೋನ್ ಚಾರ್ಜಿಗೆ ಹಾಕಿತ್ತು. ತಮ್ಮ ಪುಣೆಯಲ್ಲಿ ಆಫೀಸಿನಲ್ಲಿದ್ದ. ಇಬ್ಬರೂ ನೋಡಿರಲಿಲ್ಲ. ಹಾಗಾದರೆ ನೋಡಿದ್ದು ಯಾರು?

ಅವತ್ತು ರಾತ್ರಿ ಆಪ್ ಪೂರ್ತಿ ಜಾಲಾಡಿದೆ. ಆ ಕ್ಯಾಮೆರಾ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ 'ಶೇರ್ಡ್ ಡಿವೈಸ್' ಅಂತಿತ್ತು. ಒಂದು ವರ್ಷದಿಂದ ದಿನಾ ನೋಡುತ್ತಿದ್ದೇನೆ, ಆ ಎರಡು ಪದ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಂದರೆ ಆ ಕ್ಯಾಮೆರಾಕ್ಕೆ ನಾವು ಮಾಲೀಕರೇ ಅಲ್ಲ. ಇನ್ಯಾರದ್ದೋ ಅಕೌಂಟಿನಲ್ಲಿದೆ, ಅವರು ನಮಗೂ ನೋಡಲು ಬಿಟ್ಟಿದ್ದಾರೆ ಅಷ್ಟೇ. ಆ ಅಕೌಂಟು ಅವತ್ತು ಫಿಟ್ ಮಾಡಲು ಬಂದ ಹುಡುಗನದ್ದು. ಅಂಗಡಿಗೆ ಫೋನ್ ಮಾಡಿದರೆ "ಎಲ್ಲರ ಮನೆದೂ ಹಾಗೇ ಮಾಡೋದು ಮೇಡಂ, ಸರ್ವೀಸಿಗೆ ಬೇಕಾಗುತ್ತೆ" ಅಂದರು. ಆ ಹುಡುಗ ಎಲ್ಲಿ ಅಂದರೆ ಕೆಲಸ ಬಿಟ್ಟು ಆರು ತಿಂಗಳಾಯಿತಂತೆ. ಅವನ ಫೋನಿನಲ್ಲಿ ನಮ್ಮ ಜಗುಲಿ ಇನ್ನೂ ಇದೆ.

ಅಂಗಡಿ ಹೆಸರು ಹಾಕುವುದಿಲ್ಲ, ಕೇಳಬೇಡಿ. ಈಗ ನಾನು ಏನು ಮಾಡಬೇಕು, ಗೊತ್ತಿದ್ದವರು ಹೇಳಿ. ನಿಮ್ಮ ಮನೆಯದ್ದೂ ಒಮ್ಮೆ ತೆಗೆದು ನೋಡಿ.

ಹೊಸನಗರ ಅಡಿಕೆ

ಮೇಡಂ, ಗಾಬರಿ ಆಗಬೇಡಿ. ನಮ್ಮ ಮನೆಯದ್ದೂ ತಿರುಗುತ್ತದೆ. ಕರೆಂಟ್ ಹೋಗಿ ಬಂದರೆ ಅದು ಒಂದು ಸುತ್ತು ಪೂರ್ತಿ ತಿರುಗಿ ಮತ್ತೆ ಜಾಗಕ್ಕೆ ಬರುತ್ತದೆ. ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ನೋಡುತ್ತೇವೆ. ಜನ ಓಡಾಡಿದರೆ ಹಿಂದೆಯೇ ತಿರುಗುವ ಆಪ್ಷನ್ ಕೂಡ ಇರುತ್ತದೆ. ಪಾಪ, ಆ ಹುಡುಗನ ಮೇಲೆ ಸುಮ್ನೆ ಅನುಮಾನ ಬೇಡ ಅಲ್ವಾ.

ತುಂಗಾತೀರ

ನೀವು ಹೇಳಿದ್ದು ಸರಿ, ನಾನೂ ಮೊದಲು ಅದನ್ನೇ ನೋಡಿದೆ. ಹಿಂದೆ ತಿರುಗುವ ಆಪ್ಷನ್ ಆಫ್ ಇದೆ. ಕರೆಂಟ್ ಹೋಗಿರಲಿಲ್ಲ, ಹೋದರೂ ರೂಟರ್ ಮತ್ತು ಕ್ಯಾಮೆರಾ ಇನ್ವರ್ಟರಲ್ಲಿವೆ. ಅದು ಒಂದು ಸುತ್ತು ತಿರುಗಿ ವಾಪಸ್ ಬರಲೂ ಇಲ್ಲ. ಅಮ್ಮನ ಮೇಲೆ ನಿಂತು, ಆಮೇಲೆ ಒಳಬಾಗಿಲಿಗೆ ಹೋಗಿ ಅಲ್ಲೇ ನಿಂತಿತು. ಮಾರನೇ ದಿನ ಬೆಳಿಗ್ಗೆ ನಾನು ತೆರೆದಾಗಲೂ ಒಳಬಾಗಿಲನ್ನೇ ನೋಡುತ್ತಿತ್ತು.

ಆ ಹುಡುಗನೇ ತಿರುಗಿಸಿದ ಅಂತ ನಾನು ಆಣೆ ಮಾಡಿ ಹೇಳಲಾರೆ. ನನ್ನ ಹತ್ತಿರ ಸಾಕ್ಷಿ ಇಲ್ಲ. ಆದರೆ ನಮ್ಮ ಮನೆ ಕೀಲಿಕೈ ನಮಗೆ ಹೇಳದೆ ಇನ್ನೊಬ್ಬರ ಜೇಬಿನಲ್ಲಿ ಒಂದು ವರ್ಷ ಇತ್ತು ಅನ್ನುವುದಂತೂ ನಿಜ. ನನಗೆ ಸಂಕಟವಾಗಿರುವುದು ಅದಕ್ಕೇ.

ಸಾಗರದ ಫಿಟ್ಟರ್

ಮೇಡಂ, ನಾನು ಇದೇ ಕೆಲಸದವನು. ಸಾಗರ, ಸೊರಬ, ಹೊಸನಗರ ಕಡೆ ಒಂಬತ್ತು ವರ್ಷದಿಂದ ಕ್ಯಾಮೆರಾ ಹಾಕುತ್ತಿದ್ದೇನೆ. ನೀವು ಬರೆದಿದ್ದು ಓದಿ ಹೊಟ್ಟೆಯಲ್ಲಿ ಒಂಥರಾ ಆಯಿತು. ಯಾಕೆಂದರೆ ಶುರುವಿನಲ್ಲಿ ನಾನೂ ಹೀಗೇ ಮಾಡಿದ್ದೇನೆ.

ಯಾಕೆ ಮಾಡುತ್ತೇವೆ ಅಂದರೆ, ಮನೆಯಲ್ಲಿ ವಯಸ್ಸಾದವರು ಇರುತ್ತಾರೆ. ಅವರಿಗೆ ಇಮೇಲ್ ಇರಲ್ಲ, ಒಟಿಪಿ ಬರೋಕೆ ಟವರ್ ಇರಲ್ಲ. ಫಿಟ್ಟಿಂಗ್ ಮುಗಿಸಿ ಕತ್ತಲಾಗುವ ಮುಂಚೆ ಘಾಟಿ ಇಳಿಯಬೇಕು. ಆಗ ನಮ್ಮ ಫೋನಿನಲ್ಲೇ ಅಕೌಂಟ್ ಮಾಡಿ, ಮಕ್ಕಳಿಗೆ ಶೇರ್ ಮಾಡಿ ಬಂದುಬಿಡುತ್ತೇವೆ. ಎರಡು ದಿನ ಬಿಟ್ಟು "ಪಾಸ್‌ವರ್ಡ್ ಮರೆತೋಯ್ತು" ಅಂತ ಫೋನ್ ಬರುತ್ತದೆ ನೋಡಿ, ಅದಕ್ಕೆ ಎಲ್ಲಾ ಮನೆಗೂ ಒಂದೇ ಪಾಸ್‌ವರ್ಡ್ ಇಡುವವರೂ ಇದ್ದಾರೆ. ಕೆಟ್ಟ ಬುದ್ಧಿ ಇರಬೇಕಂತಿಲ್ಲ, ಅವಸರ ಸಾಕು. ಆದರೆ ತಪ್ಪು ತಪ್ಪೇ. ಒಬ್ಬ ಹುಡುಗ ಕೆಲಸ ಬಿಟ್ಟು ಹೋದರೆ ನೂರು ಮನೆ ಅವನ ಜೊತೆ ಹೋಗುತ್ತವೆ.

ಈಗ ನೀವು ಮಾಡಬೇಕಾದದ್ದು. ಮೊದಲು ಆ ಕ್ಯಾಮೆರಾದ ವಯರ್ ಕಿತ್ತುಬಿಡಿ. ಕ್ಯಾಮೆರಾ ಹಿಂದಿನ ಬಟನ್ ಒತ್ತಿ ರೀಸೆಟ್ ಮಾಡಿದರೆ ಸಾಕು ಅಂತ ಸುಮಾರು ಜನ ಅಂದುಕೊಂಡಿದ್ದಾರೆ, ಸಾಲದು. ಬಹಳ ಕಂಪನಿಗಳಲ್ಲಿ ಕ್ಯಾಮೆರಾ ಯಾರ ಅಕೌಂಟಿಗೆ ಸೇರಿದೆ ಅನ್ನುವುದು ಕಂಪನಿಯ ಸರ್ವರಲ್ಲಿ ಬರೆದಿರುತ್ತದೆ. ಹಳೇ ಮಾಲೀಕ ತನ್ನ ಆಪ್‌ನಿಂದ ಅದನ್ನು ಡಿಲೀಟ್ ಮಾಡುವ ತನಕ ನಿಮ್ಮ ಅಕೌಂಟಿಗೆ ಸೇರಲ್ಲ. ಆ ಅಂಗಡಿಯವರನ್ನು ಬಿಡಬೇಡಿ, ಹುಡುಗನನ್ನು ಹುಡುಕಿಸಿ, ನೀವು ಲೈನಿನಲ್ಲಿ ಇರುವಾಗಲೇ ಡಿಲೀಟ್ ಮಾಡಿಸಿ. ಆಗಲಿಲ್ಲ ಅಂದರೆ ಬಿಲ್ಲಿನ ಫೋಟೊ, ಕ್ಯಾಮೆರಾ ಮೇಲಿನ ಸೀರಿಯಲ್ ನಂಬರ್ ಹಾಕಿ ಕಂಪನಿಯ ಕಸ್ಟಮರ್ ಕೇರಿಗೆ ಬರೆಯಿರಿ.

ಡಿವಿಆರ್, ಅಂದರೆ ಕ್ಯಾಮೆರಾ ರೆಕಾರ್ಡಿಂಗ್ ಪೆಟ್ಟಿಗೆ ಇರುವವರಿಗೆ ಇನ್ನೊಂದು ಮಾತು. ಮೆನುವಿನಲ್ಲಿ ಯೂಸರ್ ಅಂತ ಒಂದು ಪಟ್ಟಿ ಇರುತ್ತದೆ, ತೆಗೆದು ನೋಡಿ. ನಿಮ್ಮದಲ್ಲದ ಹೆಸರು ಇದ್ದರೆ ತೆಗೆಯಿರಿ. ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ ಪಂಚಾಂಗದಲ್ಲೋ ಹಾಲಿನ ಲೆಕ್ಕದ ಪುಸ್ತಕದಲ್ಲೋ ಬರೆದಿಡಿ, ಪರವಾಗಿಲ್ಲ. ಮನೆಯೊಳಗಿನ ಪುಸ್ತಕ ಕಳ್ಳನಿಗೆ ಇಂಟರ್ನೆಟ್ಟಿನಲ್ಲಿ ಸಿಗಲ್ಲ. ಪೆಟ್ಟಿಗೆ ಅಡಿಯಲ್ಲಿ ಕ್ಯೂಆರ್ ಸ್ಟಿಕರ್ ಇರುತ್ತದಲ್ಲ, ಅದರ ಫೋಟೊ ತೆಗೆದು ಯಾರಿಗೂ ವಾಟ್ಸಾಪ್ ಮಾಡಬೇಡಿ. ಆ ನಂಬರ್ ಮತ್ತು ಪಾಸ್‌ವರ್ಡ್ ಇದ್ದರೆ ಎಲ್ಲಿ ಕೂತಾದರೂ ನಿಮ್ಮ ಮನೆ ನೋಡಬಹುದು.

ಕೊಪ್ಪ ಟು ಬೆಂಗಳೂರು

ಫಿಟ್ಟರ್ ಅಣ್ಣ ಇಷ್ಟು ನೇರವಾಗಿ ಬರೆದಿದ್ದಕ್ಕೆ ದೊಡ್ಡ ಥ್ಯಾಂಕ್ಸ್. ನಾನು ನೆಟ್‌ವರ್ಕ್ ಸೆಕ್ಯೂರಿಟಿ ಕೆಲಸದಲ್ಲಿದ್ದೇನೆ, ನನಗೆ ಗೊತ್ತಿರುವುದು ಸೇರಿಸುತ್ತೇನೆ.

ಗೊತ್ತಿರುವ ಹುಡುಗನೇ ಆಗಬೇಕಂತಿಲ್ಲ. 2025ರ ಫೆಬ್ರವರಿಯಲ್ಲಿ ರಾಜ್‌ಕೋಟ್‌ನ ಒಂದು ಹೆರಿಗೆ ಆಸ್ಪತ್ರೆಯ ಸುದ್ದಿ ಬಂದಿದ್ದು ನೆನಪಿದೆಯಾ? ಹೆಂಗಸರನ್ನು ಪರೀಕ್ಷೆ ಮಾಡುವ ಕೋಣೆಯ ಸಿಸಿಟಿವಿ ವಿಡಿಯೊ ಕದ್ದು ಟೆಲಿಗ್ರಾಂನಲ್ಲಿ ದುಡ್ಡಿಗೆ ಮಾರುತ್ತಿದ್ದರು. ಅಲ್ಲಿ ಪಾಸ್‌ವರ್ಡ್ ಅಡ್ಮಿನ್123 ಅಂತಲೇ ಇತ್ತು ಎಂದು ಆಮೇಲೆ ವರದಿಯಾಯಿತು. ಕಂಪನಿಯಿಂದ ಬಂದಾಗ ಏನಿತ್ತೋ ಅದೇ, ಯಾರೂ ಬದಲಾಯಿಸಿರಲಿಲ್ಲ.

2016ರಲ್ಲಿ ಮಿರಾಯ್ ಅಂತ ಒಂದು ವೈರಸ್ ಬಂತು. ಅದು ಮಾಡಿದ್ದು ಬಹಳ ಸರಳ ಕೆಲಸ. ಇಂಟರ್ನೆಟ್ಟಿನಲ್ಲಿ ಕಂಡ ಕ್ಯಾಮೆರಾ, ಡಿವಿಆರ್, ರೂಟರ್‌ಗಳ ಬಾಗಿಲು ತಟ್ಟುವುದು, ಕಂಪನಿ ಇಟ್ಟ ಯೂಸರ್ ಹೆಸರು ಪಾಸ್‌ವರ್ಡ್‌ಗಳ ಸುಮಾರು 60 ಜೋಡಿಯ ಒಂದು ಪಟ್ಟಿ ಇಟ್ಟುಕೊಂಡು ಒಂದೊಂದೇ ಹಾಕಿ ನೋಡುವುದು. ಅಷ್ಟರಲ್ಲೇ ಲಕ್ಷಗಟ್ಟಲೆ ಸಾಮಾನು ಅದರ ಕೈಗೆ ಬಂದವು. ಆ ವರ್ಷ ಅಕ್ಟೋಬರ್ 21ಕ್ಕೆ ಅವೆಲ್ಲ ಸೇರಿ, ವೆಬ್‌ಸೈಟುಗಳ ವಿಳಾಸ ಹುಡುಕಿಕೊಡುವ ಡೈನ್ ಅನ್ನುವ ಕಂಪನಿಯ ಮೇಲೆ ಬಿದ್ದಾಗ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಗಂಟೆಗಟ್ಟಲೆ ತೆರೆಯಲಿಲ್ಲ. ಕ್ಯಾಮೆರಾ ಮಾಲೀಕರಿಗೆ ಏನೂ ಗೊತ್ತೇ ಆಗಲಿಲ್ಲ. ಅವರ ಅಂಗಳ ಅವರಿಗೆ ಎಂದಿನ ಹಾಗೆ ಕಾಣುತ್ತಿತ್ತು.

ದೊಡ್ಡ ಕಂಪನಿ ಸಾಮಾನು ತಗೊಂಡರೆ ನಿಶ್ಚಿಂತೆ ಅಂತಲೂ ಹೇಳೋಕಾಗಲ್ಲ. ಅಮೆಜಾನ್‌ನವರ ರಿಂಗ್ ಕ್ಯಾಮೆರಾ ಇದೆಯಲ್ಲ, ಅದರ ನೌಕರರೇ ಗಿರಾಕಿಗಳ ಮನೆಯೊಳಗಿನ ವಿಡಿಯೊ ನೋಡಿದ್ದರು ಅನ್ನುವ ಆರೋಪದಲ್ಲಿ 2023ರಲ್ಲಿ ಕಂಪನಿ 58 ಲಕ್ಷ ಡಾಲರ್ ಕಟ್ಟಲು ಒಪ್ಪಿತು. ವೈಜ್ ಅನ್ನುವ ಇನ್ನೊಂದು ಕಂಪನಿಯಲ್ಲಿ 2024ರ ಫೆಬ್ರವರಿಯಲ್ಲಿ ಸರ್ವರ್ ಬಿದ್ದು ಎದ್ದಾಗ ಸುಮಾರು 13,000 ಜನರಿಗೆ ಬೇರೆಯವರ ಮನೆಯ ಚಿತ್ರ ಕಂಡಿತು. ಇದೆಲ್ಲ ನೋಡಿ ನಾನು ಒಂದು ತೀರ್ಮಾನಕ್ಕೆ ಬಂದಿದ್ದೇನೆ: ಬೇರೆಯವರು ನೋಡಿದರೆ ಸಹಿಸೋಕಾಗದ ಜಾಗಕ್ಕೆ ಕ್ಯಾಮೆರಾ ಹಾಕಲೇಬಾರದು. ಪಾಸ್‌ವರ್ಡ್ ಎಲ್ಲ ಆಮೇಲಿನ ಮಾತು.

ಹೊಸನಗರ ಅಡಿಕೆ

ಎಲ್ಲಾ ಸರಿ. ಆದರೆ ನಾವು ಹಳ್ಳಿಯವರು. ನಮ್ಮ ಅಂಗಳದಲ್ಲಿ ನೋಡೋಕೆ ಏನಿದೆ? ಅಡಿಕೆ ಒಣಗೋದು, ದನ, ನಾಯಿ. ನೋಡಿಕೊಳ್ಳಲಿ ಬಿಡಿ. ಎರಡು ವರ್ಷದ ಹಿಂದೆ ನಮ್ಮ ಊರಲ್ಲಿ ಒಂದೇ ರಾತ್ರಿ ನಾಲ್ಕು ಚೀಲ ಒಣ ಅಡಿಕೆ ಹೋಯಿತು. ರಾಶಿ ಅಡಿಕೆ, ವರ್ಷದ ದುಡಿಮೆ. ಕ್ಯಾಮೆರಾ ಬಂದ ಮೇಲೆ ನಿದ್ದೆ ಮಾಡುತ್ತಿದ್ದೇವೆ. ಈ ಚರ್ಚೆ ಓದಿ ಜನ ಕ್ಯಾಮೆರಾ ಕಿತ್ತು ಹಾಕಿದರೆ ಖುಷಿಪಡುವವನು ಕಳ್ಳ.

ಕೊಪ್ಪ ಟು ಬೆಂಗಳೂರು

ಸರ್, ಕಿತ್ತು ಹಾಕಿ ಅಂತ ಯಾರೂ ಹೇಳಲ್ಲ. ನಮ್ಮ ಮನೆಯಲ್ಲೂ ಇದೆ. ನಾಯಿ ಹಿಡಿಯೋಕೆ ಚಿರತೆ ಬರುತ್ತಿದೆ ಅಂತ ಗೊತ್ತಾಗಿದ್ದೇ ಅದರಿಂದ.

ಆದರೆ ಒಂದು ಯೋಚನೆ ಮಾಡಿ. ಅಡಿಕೆ ಕಳ್ಳನಿಗೆ ಗೊತ್ತಾಗಬೇಕಾದ್ದು ಏನು? ಅಡಿಕೆ ಯಾವಾಗ ಒಣಗಿತು, ಚೀಲ ಎಲ್ಲಿ ಇಟ್ಟರು, ಮನೆಯವರು ಮದುವೆಗೆ ಹೊರಟ ಕಾರು ಎಷ್ಟು ಹೊತ್ತಿಗೆ ಗೇಟ್ ದಾಟಿತು, ನಾಯಿ ಕಟ್ಟಿದೆಯೋ ಬಿಟ್ಟಿದೆಯೋ. ನಿಮ್ಮ ಕ್ಯಾಮೆರಾ ದಿನಾ ತೋರಿಸುತ್ತಿರುವುದು ಸರಿಯಾಗಿ ಅದನ್ನೇ. ಕಾವಲಿಗೆ ಇಟ್ಟಿದ್ದೇ ದಾರಿ ತೋರಿಸಬಾರದಲ್ವಾ.

ಮೇಗರವಳ್ಳಿ ಕಡೆಯವಳು

ಹೊಸನಗರದ ಅಣ್ಣ "ನೋಡೋಕೆ ಏನಿದೆ" ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಅಮ್ಮ ಅಡಿಕೆ ಸುಲಿಯೋಕೆ ಹೋಗುತ್ತಾರೆ. ಸೀಜನ್ನಿನಲ್ಲಿ ರಾತ್ರಿ ಹನ್ನೊಂದರ ತನಕ. ಕೆಜಿ ಲೆಕ್ಕ, ಕೈ ಓಡಿದಷ್ಟು ಕೂಲಿ. ಮೆಟ್ಟುಗತ್ತಿ ಕಾಲಡಿ ಇಟ್ಟುಕೊಂಡು ಕೂತರೆ ಸೀರೆ ಎತ್ತಿ ಕಟ್ಟಲೇಬೇಕು, ಸೆರಗು ಜಾರುತ್ತದೆ, ಯಾರ ಗಮನವೂ ಅದರ ಮೇಲೆ ಇರಲ್ಲ. ಸಣ್ಣ ಮಗು ಇರುವವರು ಅಲ್ಲೇ ಹಾಲು ಕೊಡುತ್ತಾರೆ. ಮೊದಲು ಅಲ್ಲಿ ಬರೀ ಹೆಂಗಸರು ಇರುತ್ತಿದ್ದರು. ಈಗ ಸುಲಿಯುವ ಜಾಗದ ಮೇಲೇ ಕ್ಯಾಮೆರಾ. ಅಮ್ಮ ಹೇಳುತ್ತಾರೆ, ಕ್ಯಾಮೆರಾ ಇರುವ ಮನೆಯಲ್ಲಿ ಗಳಿಗೆಗೊಮ್ಮೆ ಸೀರೆ ಎಳೆದುಕೊಳ್ಳುವುದರಲ್ಲೇ ಕೈ ನಿಂತುಹೋಗುತ್ತದೆ ಅಂತ. ಕೈ ನಿಂತರೆ ಕೂಲಿ ಕಮ್ಮಿ.

ಒಂದು ಮನೆಯಲ್ಲಿ ಇವರೆಲ್ಲ ಮಾತಾಡುತ್ತಾ ಸುಲಿಯುತ್ತಿದ್ದಾಗ ಮೇಲಿಂದ "ಮಾತು ಜಾಸ್ತಿ ಆಯ್ತು" ಅಂತ ಗಂಡಸಿನ ಧ್ವನಿ ಬಂತಂತೆ. ಮಾಲೀಕರ ಮಗ, ಬೆಂಗಳೂರಿಂದ. ಅಷ್ಟು ಹೊತ್ತು ಇವರು ತಮ್ಮ ಮನೆ ಕಷ್ಟ, ಮೈ ಹುಷಾರಿಲ್ಲದ್ದು, ಗಂಡನ ಕುಡಿತ ಎಲ್ಲಾ ಮಾತಾಡಿದ್ದರು. ಅಮ್ಮ ಆಮೇಲೆ ಆ ಮನೆಗೆ ಹೋಗಲಿಲ್ಲ.

ಪಾಸ್‌ವರ್ಡ್ ಗಟ್ಟಿ ಇದ್ದರೂ ಇದು ಸರಿಹೋಗಲ್ಲ. ನೋಡುತ್ತಿರುವವರು ಕಳ್ಳರಲ್ಲ, ಮನೆಯವರೇ. ಅಡಿಕೆ ಕಾಯೋಕೆ ಕ್ಯಾಮೆರಾ ಬೇಕು ಅಂದರೆ ಚೀಲ ಇಡುವ ಕೋಣೆ ಬಾಗಿಲಿಗೆ ಹಾಕಿ, ಗೇಟಿಗೆ ಹಾಕಿ. ನಮ್ಮ ಮೇಲೆ ಯಾಕೆ?

ತುಂಗಾತೀರ

ತಂಗಿ, ನಿನ್ನ ಬರಹ ಓದಿ ಸ್ವಲ್ಪ ಹೊತ್ತು ಏನೂ ಮಾಡೋಕಾಗಲಿಲ್ಲ. ನಮ್ಮ ಅಂಗಳದ ಎರಡನೇ ಕ್ಯಾಮೆರಾ ಸರಿಯಾಗಿ ಸುಲಿಯುವ ಚಪ್ಪರದ ಮೇಲೇ ಇದೆ. ಅವತ್ತು ಫಿಟ್ ಮಾಡುವಾಗ "ಇಲ್ಲಿಂದ ಚೆನ್ನಾಗಿ ಕವರ್ ಆಗುತ್ತೆ" ಅಂದಾಗ ನಾನೇ ಹೂಂ ಅಂದಿದ್ದೆ. ನನ್ನ ಅಮ್ಮನನ್ನು ಯಾರೋ ನೋಡಿದರು ಅಂತ ಇಲ್ಲಿ ದೂರು ಹೇಳುತ್ತಿದ್ದೇನೆ, ನಾನು ಒಂದು ವರ್ಷ ಬೇರೆಯವರ ಅಮ್ಮಂದಿರನ್ನು ಕೇಳದೆ ನೋಡಿದ್ದೇನೆ.

ಬಾಲರಾಜ ಅರಸ್ ರಸ್ತೆ ವಕೀಲ

ಕಾನೂನಿನ ವಿಷಯ ಯಾರೂ ಬರೆದಿಲ್ಲ, ಹಾಗಾಗಿ ಎರಡು ಮಾತು.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಕೇಸು ಹಾಕಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಇದನ್ನು ನಮ್ಮ ಕಡೆಯ ಪ್ರತಿ ಮಗುವಿಗೂ ಹೇಳಿಕೊಡಬೇಕು ಅಂತ ನನ್ನ ಆಸೆ.

ಒಪ್ಪಿಗೆ ಇಲ್ಲದೆ ಯಾರದ್ದಾದರೂ ಮೈಯ ಖಾಸಗಿ ಭಾಗದ ಚಿತ್ರ ತೆಗೆದರೆ ಅಥವಾ ಕಳಿಸಿದರೆ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 66ಇ ಪ್ರಕಾರ 3 ವರ್ಷದ ತನಕ ಜೈಲು ಅಥವಾ 2 ಲಕ್ಷದ ತನಕ ದಂಡ, ಎರಡೂ ಆಗಬಹುದು. ಖಾಸಗಿ ಕ್ಷಣದಲ್ಲಿರುವ ಹೆಂಗಸನ್ನು ಕದ್ದು ನೋಡುವುದು, ಚಿತ್ರ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ನಿಗೆ ಬರುತ್ತದೆ. ಅನುಮತಿ ಇಲ್ಲದೆ ಇನ್ನೊಬ್ಬರ ಸಾಧನಕ್ಕೆ ನುಗ್ಗಿದರೆ ಐಟಿ ಕಾಯ್ದೆ 43 ಮತ್ತು 66 ಇವೆ.

2023ರ ಡೇಟಾ ಸಂರಕ್ಷಣೆ ಕಾಯ್ದೆ ಬಂತಲ್ಲ ಅಂತ ಕೇಳಬಹುದು. ಒಬ್ಬ ವ್ಯಕ್ತಿ ತನ್ನ ಸ್ವಂತ ಅಥವಾ ಮನೆಯ ಬಳಕೆಗೆ ಇಟ್ಟುಕೊಂಡ ಮಾಹಿತಿಗೆ ಅದು ಅನ್ವಯಿಸಲ್ಲ. ಹಾಗಾಗಿ ಮೇಗರವಳ್ಳಿ ಕಡೆಯ ತಂಗಿ ಹೇಳಿದ್ದು ಬಹಳಷ್ಟು ನಮ್ಮ ನಮ್ಮ ತಿಳುವಳಿಕೆಗೇ ಬಿಟ್ಟಿದ್ದು.

ತುಂಗಾತೀರ ಮೇಡಂ, ನೀವು ಆ ಶೇರ್ಡ್ ಡಿವೈಸ್ ಪುಟದ ಸ್ಕ್ರೀನ್‌ಶಾಟ್, ದಿನಾಂಕ, ಅಮ್ಮ ಫೋನ್ ಮಾಡಿದ ಕಾಲ್ ಲಿಸ್ಟ್, ಅಂಗಡಿ ಬಿಲ್ ಎಲ್ಲಾ ಎತ್ತಿಡಿ. ಶಿವಮೊಗ್ಗದ ಸೆನ್ ಠಾಣೆಗೆ (ಸೈಬರ್ ಅಪರಾಧ ನೋಡುವ ಪೊಲೀಸ್ ಠಾಣೆ) ಲಿಖಿತ ದೂರು ಕೊಡಬಹುದು, ಇಲ್ಲವೇ ಕೇಂದ್ರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಹಾಕಬಹುದು. ದುಡ್ಡು ಹೋಗಿದ್ದರೆ ಮಾತ್ರ ತಡ ಮಾಡದೆ 1930ಕ್ಕೆ ಫೋನ್.

ಹೆಸರು ಬೇಡ

ಇಲ್ಲಿ ಹೇಳಬಹುದೋ ಇಲ್ಲವೋ ಗೊತ್ತಿಲ್ಲ. ನನ್ನ ಗಂಡ ಹೊರದೇಶದಲ್ಲಿದ್ದಾರೆ. ಮನೆಯಲ್ಲಿ ನಾನು, ಅತ್ತೆ, ಮಾವ. ಹಾಲ್‌ನಲ್ಲಿ, ಅಡುಗೆಮನೆ ಬಾಗಿಲಲ್ಲಿ ಕ್ಯಾಮೆರಾ. "ನಿಮ್ಮ ಸೇಫ್ಟಿಗೆ" ಅಂತ ಹಾಕಿಸಿದರು. ನಾನು ಎಷ್ಟು ಹೊತ್ತಿಗೆ ಎದ್ದೆ, ತವರಿಗೆ ಎಷ್ಟು ಹೊತ್ತು ಫೋನ್ ಮಾಡಿದೆ ಎಲ್ಲಾ ಅಲ್ಲಿಂದ ಕೇಳುತ್ತಾರೆ. ಬೈಯಲ್ಲ. ಬರೀ ಕೇಳುತ್ತಾರೆ. ನಾನು ಈಗ ಅಳಬೇಕು ಅನ್ನಿಸಿದರೆ ಬಚ್ಚಲುಮನೆಗೆ ಹೋಗುತ್ತೇನೆ.

ಮೇಗರವಳ್ಳಿ ಕಡೆಯವಳು

ಅಕ್ಕ, ಹೇಳಿದ್ದು ಒಳ್ಳೇದಾಯಿತು. 181 ಮಹಿಳಾ ಸಹಾಯವಾಣಿ, ಯಾವ ಹೊತ್ತಿಗಾದರೂ ಫೋನ್ ಮಾಡಬಹುದು. ಕ್ಯಾಮೆರಾ ಇಲ್ಲದ ಕಡೆ ನಿಂತು ಮಾಡಿ. ನನಗೆ ಮೆಸೇಜ್ ಮಾಡಿದರೂ ಸರಿ.

ಆಗುಂಬೆ ಮಳೆ

ಕ್ಯಾಮೆರಾ ಬಿಟ್ಟು ಬೇರೆ ಸಾಮಾನು? ನಮ್ಮ ಮನೆಯಲ್ಲಿ ಮಾತಾಡುವ ಸ್ಪೀಕರ್ ಇದೆ, ಸ್ಮಾರ್ಟ್ ಟಿವಿ ಇದೆ, ಎರಡು ಸಾವಿರಕ್ಕೆ ತಂದ ಆಂಡ್ರಾಯ್ಡ್ ಪೆಟ್ಟಿಗೆ ಇದೆ, ತೋಟದ ಪಂಪ್ ಫೋನಿನಿಂದ ಆನ್ ಆಗುತ್ತದೆ.

ಕೊಪ್ಪ ಟು ಬೆಂಗಳೂರು

ಆ ಅಗ್ಗದ ಪೆಟ್ಟಿಗೆಯನ್ನು ಇವತ್ತೇ ಕಿತ್ತಿಡಿ. ಬ್ಯಾಡ್‌ಬಾಕ್ಸ್ ಅಂತ ಒಂದು ಜಾಲ ಇದೆ. ಹೆಸರಿಲ್ಲದ ಇಂಥ ಪೆಟ್ಟಿಗೆಗಳಲ್ಲಿ ಕೆಟ್ಟ ಸಾಫ್ಟ್‌ವೇರ್ ಅಂಗಡಿಗೆ ಬರುವ ಮುಂಚೆಯೇ ಕೂತಿರುತ್ತದೆ. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಇದರ ಬಗ್ಗೆ ಜನರಿಗೆ ಎಚ್ಚರಿಕೆ ಕೊಟ್ಟಿತು. ಬೇರೆಯವರು ಮಾಡುವ ಮೋಸ ನಿಮ್ಮ ಮನೆ ನೆಟ್ಟಿನ ಮೂಲಕ ಹೋಗುತ್ತದೆ, ವಿಳಾಸ ನಿಮ್ಮದು ಕಾಣುತ್ತದೆ. ಟಿವಿಯಲ್ಲಿ ನೀವು ನೋಡಿದ್ದನ್ನು ಗುರುತಿಸುವ ಆಪ್ಷನ್ ಸೆಟ್ಟಿಂಗ್ಸಿನಲ್ಲಿ ಇರುತ್ತದೆ, ಆಫ್ ಮಾಡಿ. ಸ್ಪೀಕರಿಗೆ ಮೈಕ್ ಆಫ್ ಮಾಡುವ ಬಟನ್ ಇದೆ.

ರೂಟರಿನಲ್ಲಿ ಗೆಸ್ಟ್ ವೈಫೈ ಅಂತ ಇದ್ದರೆ ಕ್ಯಾಮೆರಾ, ಟಿವಿ, ಪಂಪ್ ಎಲ್ಲಾ ಅದಕ್ಕೆ ಹಾಕಿ, ನಿಮ್ಮ ಬ್ಯಾಂಕಿನ ಫೋನ್ ಬೇರೆ ವೈಫೈನಲ್ಲಿರಲಿ. ಕೊಟ್ಟಿಗೆಯ ದನ ನಡುಮನೆಗೆ ಬರದ ಹಾಗೆ ಗೇಟ್ ಹಾಕುತ್ತೇವಲ್ಲ, ಅದೇ.

ಸಾಗರದ ಫಿಟ್ಟರ್

ಹೊಸದಾಗಿ ತಗೊಳ್ಳುವವರು ಕೇಳಿ. 2025ರ ಏಪ್ರಿಲ್ 9ರಿಂದ ನಮ್ಮ ದೇಶದಲ್ಲಿ ಮಾರುವ ಇಂಟರ್ನೆಟ್ ಕ್ಯಾಮೆರಾಗಳಿಗೆ ಸರ್ಕಾರದ ಸುರಕ್ಷತಾ ನಿಯಮ ಬಂದಿದೆ, ಎಸ್‌ಟಿಕ್ಯೂಸಿ (ಸರ್ಕಾರದ ಗುಣಮಟ್ಟ ಪರೀಕ್ಷಾ ಸಂಸ್ಥೆ) ಪರೀಕ್ಷೆ ಆಗಿರಬೇಕು. ಅಂಗಡಿಯಲ್ಲಿ ಅದನ್ನೇ ಕೇಳಿ, ಬಿಲ್ ತಗೊಳ್ಳಿ. ಹಳೇ ಸ್ಟಾಕ್ ಸಾವಿರ ರೂಪಾಯಿ ಕಮ್ಮಿಗೆ ಕೊಡುತ್ತೇನೆ ಅಂದರೆ ಬೇಡ.

ಮತ್ತೆ, ನನ್ನ ಹಳೇ ಡೈರಿ ತೆಗೆದೆ. ನನ್ನ ಅಕೌಂಟಿನಲ್ಲಿ ಇನ್ನೂ 37 ಮನೆ ಇವೆ. ನಿನ್ನೆಯಿಂದ ಒಂದೊಂದೇ ಮನೆಗೆ ಫೋನ್ ಮಾಡುತ್ತಿದ್ದೇನೆ. ಈ ತಿಂಗಳಲ್ಲಿ ಎಲ್ಲಾ ಅವರವರ ಹೆಸರಿಗೆ ಮಾಡಿಕೊಡುತ್ತೇನೆ, ದುಡ್ಡು ತಗೊಳ್ಳಲ್ಲ.

ತುಂಗಾತೀರ

ಶನಿವಾರ ಊರಿಗೆ ಹೋಗಿ ಬಂದೆ. ಅಂಗಡಿಯವರು ಕೊನೆಗೂ ಆ ಹುಡುಗನನ್ನು ಲೈನಿಗೆ ತಂದರು. ನಾನು ಫೋನಿನಲ್ಲಿ ಇರುವಾಗಲೇ ಡಿಲೀಟ್ ಮಾಡಿದ. "ನಾನು ನೋಡಿಲ್ಲ ಮೇಡಂ" ಅಂದ. ನಾನು ಏನೂ ಹೇಳಲಿಲ್ಲ. ವಕೀಲರು ಹೇಳಿದ ಹಾಗೆ ದೂರು ಬರೆದು ಕೊಟ್ಟಿದ್ದೇನೆ.

ಅಮ್ಮ ಅಷ್ಟರಲ್ಲಿ ಜಗುಲಿ ಕ್ಯಾಮೆರಾದ ಮೇಲೆ ಅಪ್ಪನ ಹಳೇ ಟವೆಲ್ ಹಾಕಿ ಗಂಟು ಕಟ್ಟಿದ್ದರು. ವಯರ್ ಕಿತ್ತಿದ್ದೇವೆ ಅಂದರೂ ತೆಗೆಯೋಕೆ ಬಿಡಲಿಲ್ಲ. ಜಗುಲಿಯದ್ದನ್ನು ಪೂರ್ತಿ ಬಿಚ್ಚಿದೆ. ಚಪ್ಪರದ್ದನ್ನು ಗೇಟಿಗೆ ಹಾಕಿಸಿದೆ. "ನಿನಗೆ ನನ್ನ ನೋಡಬೇಕು ಅನ್ನಿಸಿದರೆ ಫೋನ್ ಮಾಡು, ನಾನೇ ವಿಡಿಯೊ ಕಾಲ್ ತೆಗೀತೀನಿ" ಅಂದರು ಅಮ್ಮ. ದಿನಾ ರಾತ್ರಿ ಎಂಟಕ್ಕೆ ಮಾಡುತ್ತಿದ್ದೇನೆ.

ಹೊಸನಗರ ಅಡಿಕೆ

ಮೇಡಂ, ನಾನೂ ಯೂಸರ್ ಪಟ್ಟಿ ತೆಗೆಸಿ ನೋಡಿದೆ. ಆರು ಫೋನ್ ಇವೆ. ನಾಲ್ಕು ನಮ್ಮ ಮನೆಯವು. ಐದನೇದು ಮುಂಚೆ ಇದ್ದ ಡ್ರೈವರದ್ದು. ಆರನೇದು ಯಾರದ್ದು ಅಂತ ಮನೆಯಲ್ಲಿ ಯಾರಿಗೂ ಗೊತ್ತಾಗುತ್ತಿಲ್ಲ. ತೆಗೆಯೋದು ಹೇಗೆ?

ಸುಲಿಯುವ ಕಡೆ ಇದ್ದದ್ದನ್ನು ನಾಳೆ ಏಣಿ ಹಾಕಿ ತಿರುಗಿಸುತ್ತೇನೆ.

ಸಾಗರದ ಫಿಟ್ಟರ್

ಸರ್, ಆರನೇದನ್ನು ತೆಗೆಯುವ ಮುಂಚೆ ಅದರ ಫೋಟೊ ಇಟ್ಟುಕೊಳ್ಳಿ, ಕೊನೇ ಸಲ ಯಾವಾಗ ಲಾಗಿನ್ ಆಗಿದೆ ಅನ್ನುವುದೂ ಕಾಣುವ ಹಾಗೆ. ಬುಧವಾರ ರಿಪ್ಪನ್‌ಪೇಟೆಗೆ ಬರುತ್ತೇನೆ, ನಿಮ್ಮ ಮನೆಗೂ ಬಂದು ಹೋಗುತ್ತೇನೆ. ಅಲ್ಲಿಯ ತನಕ ಪೆಟ್ಟಿಗೆಯ ನೆಟ್ ವಯರ್ ಕಿತ್ತಿಡಿ, ರೆಕಾರ್ಡಿಂಗ್ ನಿಲ್ಲಲ್ಲ.